ಒಂದು ಗೇಣು ಕಬ್ಬಿಣ, ಒಂದೆಳೆ ಬೆಳ್ಳಿ

ಆನೆಗೆ ಅಂಕುಶ, ಎತ್ತಿಗೆ ಬಾರುಕೋಲು. ಕುದುರೆಗೆ? ಚಾವಟಿ ಎನ್ನುತ್ತೇವೆ. ಮಧ್ಯ ಏಷ್ಯಾದ ತುರ್ಕರು, ಮಂಗೋಲರು ನೆಚ್ಚಿಕೊಂಡದ್ದೂ ಚಾವಟಿಯನ್ನೇ. ಮೊರಾಕ್ಕೊ, ಅಲ್ಜೀರಿಯ, ಟ್ಯುನಿಸಿಯಗಳ ಸವಾರನ ಲೆಕ್ಕ ಬೇರೆ. ಅವನ ಎರಡೂ ಕೈಗೆ ಬೇರೆ ಕೆಲಸವಿತ್ತು. ಕುದುರೆಯನ್ನು ಮುನ್ನುಗ್ಗಿಸುವ ಹೊಣೆಯನ್ನು ಅವನು ಹಿಮ್ಮಡಿಗೆ ವಹಿಸಿದ. ಆ ಹಿಮ್ಮಡಿಗೆ ಕಟ್ಟಿಕೊಂಡದ್ದು ಹೆಚ್ಚುಕಡಿಮೆ ಒಂದು ಗೇಣು ಉದ್ದದ ಕಬ್ಬಿಣದ ಮೊನೆ.

ಯುರೋಪು, ಅಮೆರಿಕಗಳ ಆಯುಧ ಸಂಗ್ರಹಾಲಯಗಳಲ್ಲಿ ಇಂಥ ಜೋಡಿಗಳನ್ನು ಗಾಜಿನ ಹಿಂದೆ ಇಟ್ಟಿರುತ್ತಾರೆ. ಮೊದಲ ಬಾರಿ ಕಂಡವರಿಗೆ ಅದು ಬಾಕುವಿನಂತೆ ತೋರುತ್ತದೆ. ಎರಡನೆಯ ನೋಟಕ್ಕೆ ಬುಡದ ಬೆಳ್ಳಿಯ ಎಳೆಗಳು ಕಣ್ಣಿಗೆ ಬೀಳುತ್ತವೆ: ನಕ್ಷತ್ರ, ಬಳ್ಳಿ, ಅಂಕುಡೊಂಕು ಗೆರೆ. ಪ್ರಾಣಿಯನ್ನು ತಿವಿಯುವ ಸಾಧನಕ್ಕೆ ಇಷ್ಟೊಂದು ಸಿಂಗಾರ ಯಾಕೆ? ಇಷ್ಟುದ್ದವಾದರೂ ಯಾಕೆ? ಮುಳ್ಳೊಂದನ್ನೇ ನೋಡುತ್ತ ಕೂತರೆ ಈ ಪ್ರಶ್ನೆಗಳಿಗೆ ಉತ್ತರ ಸಿಗುವುದಿಲ್ಲ. ಅದರ ಜೊತೆಗಿದ್ದ ಜೀನು, ರಿಕಾಪು, ಬೂಟುಗಳನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಬೇಕು.

ಹೆಸರು ಮತ್ತು ಅಂಗಾಂಗ

ಕನ್ನಡದಲ್ಲಿ ಇದಕ್ಕೆ ಮನೆಮಾತಾದ ಹೆಸರಿಲ್ಲ. ಹಿಮ್ಮಡಿ ಮುಳ್ಳು ಎಂದರೆ ಅರ್ಥವಾಗುತ್ತದೆ, ಆದ್ದರಿಂದ ಇಲ್ಲಿ ಹಾಗೇ ಕರೆಯೋಣ. ಗ್ರಾಂಥಿಕ ಅರಬಿಯಲ್ಲಿ ಇದು ಮಿಹ್ಮಾಝ್. ಅಲ್ಜೀರಿಯದ ಕಡೆಯ ಆಡುಮಾತಿನಲ್ಲಿ ಶಾಬಿರ್. ಸವಾರಿಯ ಉಳಿದ ಸಲಕರಣೆಗಳ ಹೆಸರುಗಳಲ್ಲಿ ನಮಗೆ ಪರಿಚಿತರೂ ಇದ್ದಾರೆ. ನಾವು ರಿಕಾಪು ಎನ್ನುವುದನ್ನು ಮೊರಾಕ್ಕೊದವರು ರ್ಕಾಬ್ ಎನ್ನುತ್ತಾರೆ. ಅದೇ ಅರಬಿ ಪದ ಅತ್ತ ಪಶ್ಚಿಮಕ್ಕೂ ಇತ್ತ ಪಾರಸಿ, ಉರ್ದುಗಳ ಮೂಲಕ ನಮ್ಮಲ್ಲಿಗೂ ಬಂತು.

ಮುಳ್ಳಿನಲ್ಲಿ ಇರುವುದು ಮೂರೇ ಭಾಗ.

ಮೊದಲನೆಯದು ಕವೆ. ಹಿಮ್ಮಡಿಯನ್ನು ಹಿಂದಿನಿಂದ ತಬ್ಬುವ, ಕುದುರೆ ಲಾಳದಂತೆ ಬಾಗಿದ ಪಟ್ಟಿ ಇದು. ಇದರ ಎರಡು ತೋಳು ಪಾದದ ಎರಡು ಪಕ್ಕಕ್ಕೆ ಬರುತ್ತವೆ. ತೋಳುಗಳ ತುದಿಯಲ್ಲಿ ಸೀಳಿದಂಥ ಕಿಂಡಿಗಳಿರುತ್ತವೆ.

ಎರಡನೆಯದು ಬಾರು. ಆ ಕಿಂಡಿಗಳಲ್ಲಿ ತೂರಿ, ಪಾದದ ಮೇಲೆ ಹಾದು, ಮುಳ್ಳನ್ನು ಬೂಟಿಗೆ ಕಟ್ಟುವ ಚರ್ಮ. ಸಂಗ್ರಹಾಲಯಕ್ಕೆ ಬರುವ ಹೊತ್ತಿಗೆ ಸಾಮಾನ್ಯವಾಗಿ ಕಳೆದುಹೋಗಿರುವುದು ಇದೇ.

ಮೂರನೆಯದು ಮೊನೆ. ಕವೆಯ ನಡುವಿನಿಂದ ನೇರ ಹಿಂದಕ್ಕೆ ಚಾಚಿದ ಒಂಟಿ ಸಲಾಕೆ. ಬುಡದಲ್ಲಿ ದಪ್ಪ, ತುದಿಗೆ ಹೋದಂತೆ ಸಣ್ಣ. ಬುಡಕ್ಕೆ ಗುಬುಟನ್ನೋ ಬಿಲ್ಲೆಯನ್ನೋ ಕೂರಿಸುವುದುಂಟು.

ಯುರೋಪಿನ ಸವಾರರಲ್ಲಿ 13, 14ನೆಯ ಶತಮಾನದ ಸುಮಾರಿಗೆ ಬೇರೊಂದು ಬಗೆ ಬಳಕೆಗೆ ಬಂತು. ಮೊನೆಯ ಜಾಗದಲ್ಲಿ ಹಲ್ಲುಗಳಿರುವ ಪುಟ್ಟ ಚಕ್ರ. ಅದು ಕುದುರೆಯ ಚರ್ಮದ ಮೇಲೆ ಉರುಳುತ್ತದೆ. ಸಿನಿಮಾಗಳ ಕೌಬಾಯ್ ನಡೆಯುವಾಗ ಝಲ್ ಎನ್ನುವುದು ಅದೇ ಚಕ್ರ. ಮಗ್ರೆಬ್, ಅಂದರೆ ಉತ್ತರ ಆಫ್ರಿಕಾದ ಪಶ್ಚಿಮ ಭಾಗ, ಈ ಹೊಸ ಬಗೆಗೆ ಮರುಳಾಗಲಿಲ್ಲ. ಒಂಟಿ ಮೊನೆಯನ್ನೇ ಉಳಿಸಿಕೊಂಡಿತು, ಅದನ್ನೇ ಉದ್ದಕ್ಕೆ ಬೆಳೆಸಿತು.

ಇಷ್ಟುದ್ದ ಯಾಕೆ?

ಕಾರಣ ಕೂರುವ ಭಂಗಿಯಲ್ಲಿದೆ. ಯುರೋಪಿನ ಕವಚಧಾರಿ ಸವಾರ ಕಾಲನ್ನು ಉದ್ದಕ್ಕೆ ಇಳಿಬಿಟ್ಟು ಕೂರುತ್ತಿದ್ದ. ಅವನ ಹಿಮ್ಮಡಿ ಕುದುರೆಯ ಪಕ್ಕೆಯ ಹತ್ತಿರವೇ ಇರುತ್ತಿತ್ತು. ಮಗ್ರೆಬಿನ ಸವಾರ ರಿಕಾಪಿನ ಬಾರನ್ನು ಗಿಡ್ಡ ಮಾಡಿಕೊಂಡು, ಮಂಡಿ ಮಡಚಿ, ಸ್ಟೂಲಿನ ಮೇಲೆ ಕೂತವನ ಹಾಗೆ ಕೂರುತ್ತಾನೆ. ಮುಂದೂ ಹಿಂದೂ ಎತ್ತರಿಸಿದ ಜೀನು ಅವನನ್ನು ಒರಗುಕುರ್ಚಿಯಂತೆ ಹಿಡಿದಿರುತ್ತದೆ. ಜೀನಿನ ಅಡಿಯಲ್ಲಿ ಉಣ್ಣೆಯ ಕಂಬಳಿ ಹಾಸುಗಳು, ಒಂದರ ಮೇಲೊಂದು ಹಲವು ಪದರ.

ರಿಕಾಪು ಕೂಡ ನಾವು ಬಲ್ಲ ತೆಳು ಬಳೆಯಲ್ಲ. ಪಾದ ಇಡುವ ತಳ ಅಗಲವಾದ ಲೋಹದ ತಟ್ಟೆ, ಪಕ್ಕಗಳು ಎತ್ತರ. ಪಾದ ಅದರೊಳಗೆ ಚಪ್ಪಲಿಯಲ್ಲಿ ಕೂತಂತೆ ಕೂರುತ್ತದೆ. ಆ ತಟ್ಟೆಯ ಚೂಪು ಮೂಲೆಗಳಿಂದಲೂ ಕುದುರೆಗೆ ತಿವಿಯಬಹುದು, ಹಾಗೆ ತಿವಿದವರೂ ಇದ್ದಾರೆ.

ಈಗ ಲೆಕ್ಕ ಹಾಕಿ. ಕಂಬಳಿಯ ಪದರಗಳು ಕಾಲನ್ನು ಪಕ್ಕೆಯಿಂದ ಆಚೆ ದೂಡುತ್ತವೆ. ಮಡಚಿದ ಮಂಡಿ ಹಿಮ್ಮಡಿಯನ್ನು ಮೇಲೆತ್ತುತ್ತದೆ. ರಿಕಾಪಿನ ತಟ್ಟೆ ಹಿಮ್ಮಡಿಗೂ ಕುದುರೆಗೂ ನಡುವೆ ಗೋಡೆಯಂತೆ ನಿಲ್ಲುತ್ತದೆ. ಎರಡು ಬೆರಳುದ್ದದ ಮುಳ್ಳು ಕಟ್ಟಿಕೊಂಡರೆ ಅದು ಸವಾರನದೇ ರಿಕಾಪಿಗೆ ತಾಗಿ ಟಣ್ ಎಂದೀತು, ಕುದುರೆಗೆ ಸುದ್ದಿ ಮುಟ್ಟದು. ತಟ್ಟೆಯ ಹಿಂಬದಿಯನ್ನು ದಾಟಿ ಪಕ್ಕೆಯನ್ನು ಮುಟ್ಟಬೇಕಾದರೆ ಮೊನೆ ಒಂದು ಗೇಣಾದರೂ ಬೇಕು. ಅಷ್ಟುದ್ದದ ಮೊನೆಯನ್ನು ಬಯಸಿದ್ದು ಕ್ರೌರ್ಯ ಎನ್ನುವುದಕ್ಕಿಂತ ಅಗಲವಾದ ಆ ರಿಕಾಪು ಎನ್ನುವುದು ಸರಿ.

ಹಾಗೆಂದು ಅದು ನಿರುಪದ್ರವಿ ಎಂದಲ್ಲ. ಒತ್ತುವ ಬಲ ಎಷ್ಟೇ ಇರಲಿ, ಅದು ಬೀಳುವ ಜಾಗ ಚಿಕ್ಕದಾದಷ್ಟೂ ನೋವು ಹೆಚ್ಚು. ಹತ್ತು ಹಲ್ಲಿನ ಚಕ್ರ ಹಂಚಿ ಒತ್ತುವುದನ್ನು ಈ ಮೊನೆ ಒಂದೇ ಬಿಂದುವಿನಲ್ಲಿ ಒತ್ತುತ್ತದೆ. ಆದ್ದರಿಂದ ಇದನ್ನು ಚುಚ್ಚುವ ಬದಲು ಪಕ್ಕೆಯ ಮೇಲೆ ಗೆರೆ ಎಳೆದಂತೆ ಸವರುತ್ತಿದ್ದರು. ಅಲ್ಜೀರಿಯದಲ್ಲಿ ವರ್ಷಗಟ್ಟಲೆ ಇದ್ದ ಫ್ರೆಂಚ್ ಸೇನಾಧಿಕಾರಿ ಯೂಜೀನ್ ಡೋಮಾ 1851ರಲ್ಲಿ ಸಹಾರಾದ ಕುದುರೆಗಳ ಬಗ್ಗೆ ಪುಸ್ತಕ ಪ್ರಕಟಿಸಿದ. ಫ್ರೆಂಚರ ವಿರುದ್ಧ ಹೋರಾಡಿದ ಎಮಿರ್ ಅಬ್ದ್ ಅಲ್ ಖಾದಿರ್ ಅವರ ಟಿಪ್ಪಣಿಗಳು ಅದರ ನಂತರದ ಮುದ್ರಣಗಳಿಗೆ ಸೇರಿಕೊಂಡವು. ಮುಳ್ಳಿನ ಬಳಕೆಯನ್ನು ಅಲ್ಲಿನ ಸವಾರರು ಒಂದು ಕೈಚಳಕವಾಗಿಯೇ ಕಾಣುತ್ತಿದ್ದರು, ಬಲ್ಲವನು ಎಳೆದ ಗೆರೆಗೂ ಕಲಿಯುವವನು ಗೀಚಿದ ಗೆರೆಗೂ ವ್ಯತ್ಯಾಸ ಹೇಳುತ್ತಿದ್ದರು ಎಂಬುದು ಆ ಪುಸ್ತಕದಿಂದ ತಿಳಿಯುತ್ತದೆ. ಆ ಗೆರೆಗಳು ರಕ್ತದ ಗೆರೆಗಳೂ ಆಗಿರುತ್ತಿದ್ದವು.

ನುಗ್ಗು, ತಿರುಗು, ಮತ್ತೆ ನುಗ್ಗು

ಕೈಗೆ ಬೇರೆ ಕೆಲಸವಿತ್ತು ಎಂದೆನಲ್ಲ, ಅದೇನು? 1332ರಲ್ಲಿ ಟ್ಯುನಿಸ್ ನಗರದಲ್ಲಿ ಹುಟ್ಟಿದ ಇತಿಹಾಸಕಾರ ಇಬ್ನ್ ಖಲ್ದೂನ್ 1377ರಲ್ಲಿ ಬರೆದ ‘ಮುಖದ್ದಿಮಾ’ದಲ್ಲಿ ಎರಡು ಬಗೆಯ ಯುದ್ಧಕ್ರಮಗಳನ್ನು ಬೇರ್ಪಡಿಸುತ್ತಾನೆ. ಒಂದು, ಸಾಲುಕಟ್ಟಿ ಒತ್ತಿಕೊಂಡು ಹೋಗುವುದು. ಇನ್ನೊಂದು, ನುಗ್ಗಿ ಹೊಡೆದು ಸರ್ರನೆ ಹಿಂದೆ ಸರಿದು ಮತ್ತೆ ನುಗ್ಗುವುದು. ಅರಬಿಯಲ್ಲಿ ಇದು ಕರ್ರ್ ವ ಫರ್ರ್. ಮಗ್ರೆಬಿನ ಅರಬರು ಮತ್ತು ಅಲ್ಲಿನ ಮೂಲನಿವಾಸಿಗಳಾದ ಬೆರ್ಬೆರರ ಕ್ರಮ ಈ ಎರಡನೆಯದು.

ಈ ಆಟಕ್ಕೆ ಬೇಕಾದದ್ದು ನಿಂತಲ್ಲಿಂದ ಒಮ್ಮೆಲೇ ಚಿಮ್ಮುವ, ಓಟದಲ್ಲೇ ತಟ್ಟನೆ ನಿಲ್ಲುವ, ಬುಗುರಿಯಂತೆ ತಿರುಗುವ ಕುದುರೆ. ಅಲ್ಲಿನ ಬಾರ್ಬ್ ತಳಿ ಇದಕ್ಕೆ ಹೇಳಿ ಮಾಡಿಸಿದ್ದು: ಬಲು ಎತ್ತರವಲ್ಲ, ಬೆನ್ನಿನವರೆಗೆ ಸುಮಾರು ಒಂದೂವರೆ ಮೀಟರ್, ಗಟ್ಟಿ ಗೊರಸು, ಕಡಿಮೆ ಮೇವಿಗೂ ಒಗ್ಗುವ ಮೈ. ಚಿಮ್ಮಿಸಲು ಹಿಮ್ಮಡಿ ಮುಳ್ಳು, ನಿಲ್ಲಿಸಲು ಕೆಳದವಡೆಯನ್ನು ಸುತ್ತುವ ಬಳೆಯಿದ್ದ ಬಿಗಿ ಕಡಿವಾಣ. ಕಾರಿನ ವೇಗದ ಪೆಡಲ್ಲಿಗೆ ಬ್ರೇಕು ಇದ್ದಂತೆ ಇವೆರಡೂ ಒಂದಕ್ಕೊಂದು ಜೋಡಿ. ಸವಾರನ ಕೈಯಲ್ಲಿ ಮೊದಲು ಈಟಿ, ಮುಂದೆ ಉದ್ದ ನಳಿಕೆಯ ಬಂದೂಕು. ಬಂದೂಕಿಗೆ ಎರಡೂ ಕೈ ಬೇಕು. ಆಗ ಲಗಾಮು ಸಡಿಲಾಗುತ್ತದೆ, ಕಾಲೇ ಮಾತನಾಡಬೇಕಾಗುತ್ತದೆ.

ಇಲ್ಲೊಂದು ಸ್ವಾರಸ್ಯವಿದೆ. ಇದೇ ನೆಲದ ಪ್ರಾಚೀನ ಸವಾರರು, ಅಂದರೆ ರೋಮನ್ನರ ಕಾಲದ ನುಮಿಡಿಯನ್ನರು ಮತ್ತು ಮೂರರು, ಏನೂ ಇಲ್ಲದೆ ಸವಾರಿ ಮಾಡುವುದಕ್ಕೆ ಹೆಸರಾಗಿದ್ದರು. ಕ್ರಿ.ಶ. 113ರಲ್ಲಿ ರೋಮ್‌ನಲ್ಲಿ ನಿಂತ ಟ್ರಾಜನ್ ಸ್ತಂಭದ ಕೆತ್ತನೆಯಲ್ಲಿ ಮೂರ್ ಸವಾರರ ದಂಡೊಂದಿದೆ. ಜೀನಿಲ್ಲ, ಕಡಿವಾಣವಿಲ್ಲ, ಕುದುರೆಯ ಕೊರಳಿಗೊಂದು ಹಗ್ಗ, ಅಷ್ಟೆ. ಜೀನು ಎತ್ತರವಾಗಿ, ರಿಕಾಪು ಅಗಲವಾಗಿ, ಕುದುರೆಗೂ ಮನುಷ್ಯನಿಗೂ ನಡುವೆ ಸಾಮಾನು ಸೇರುತ್ತ ಹೋದಂತೆ ಅದನ್ನು ದಾಟಿ ಮಾತು ಮುಟ್ಟಿಸಲು ಒಂದು ಕೋಲು ಬೇಕಾಯಿತು. ಒಂದು ಗೇಣಿನ ಈ ಮೊನೆಯನ್ನು ನಾನು ಹಾಗೇ ಅರ್ಥಮಾಡಿಕೊಳ್ಳುತ್ತೇನೆ.

ಕಡಲು ದಾಟಿದ ಮುಳ್ಳು

ಗಿಡ್ಡ ರಿಕಾಪಿನ ಈ ಸವಾರಿ ಜಿಬ್ರಾಲ್ಟರ್ ಜಲಸಂಧಿಯನ್ನು ದಾಟಿ ಸ್ಪೇನಿಗೆ ಹೋಯಿತು. 13ನೆಯ ಶತಮಾನದಿಂದ ಬೆರ್ಬೆರರ ಝೆನಾತಾ ಬುಡಕಟ್ಟಿನ ಸವಾರರು ಗ್ರನಾಡದ ಸುಲ್ತಾನರ ಸೇನೆಯಲ್ಲಿದ್ದರು. ಕ್ರೈಸ್ತ ಅರಗಾನ್ ರಾಜ್ಯವೂ ಅವರನ್ನು ಸಂಬಳಕ್ಕೆ ಇಟ್ಟುಕೊಂಡಿತ್ತು. ಅವರ ಹೆಸರಿನಿಂದಲೇ ಈ ಶೈಲಿಗೆ ಸ್ಪ್ಯಾನಿಷಿನಲ್ಲಿ ಹಿನೇತಾ ಎಂಬ ಹೆಸರು ಬಂತು. ಕುದುರೆ ಸವಾರನಿಗೆ ಆ ಭಾಷೆಯಲ್ಲಿ ಇಂದಿಗೂ ಹಿನೇತೆ ಎನ್ನುತ್ತಾರೆ. ಈ ಪದವನ್ನು ಅವರು ಬರೆಯುವ ಅಕ್ಷರ ನೋಡಿ ‘ಜಿನೇತೆ’ ಎಂದು ಓದಿ, ನಮ್ಮ ಜೀನಿನ ಜೊತೆ ತಳುಕು ಹಾಕುವ ಆಸೆ ಕನ್ನಡಿಗರಿಗೆ ಬಂದೀತು. ಅದು ಬರೀ ಸದ್ದಿನ ಹೋಲಿಕೆ. ಜೀನು ಪಾರಸಿಯದು, ಹಿನೇತೆ ಬುಡಕಟ್ಟಿನ ಹೆಸರಿನದು.

ಶೈಲಿಯ ಜೊತೆಗೆ ಮುಳ್ಳೂ ಹೋಯಿತು. ಸ್ಪೇನಿನಲ್ಲಿ ಇಂಥ ಒಂಟಿ ಮೊನೆಗೆ ಅಸಿಕಾತೆ ಎಂಬ ಹೆಸರಿದೆ. ಮೊನೆ ಮೈಯೊಳಗೆ ಆಳಕ್ಕೆ ಇಳಿಯದಂತೆ ಅದಕ್ಕೊಂದು ತಡೆ ಇರುತ್ತಿತ್ತು. ಬಿಲ್ಲೆಯೋ ಗುಬುಟೋ ಬರೀ ಚಂದಕ್ಕೆ ಎಂದುಕೊಂಡವರು ಇದನ್ನು ಗಮನಿಸಬೇಕು. ಎಷ್ಟೋ ಸಲ ಅಲಂಕಾರ ಕಾಣುವ ಜಾಗದಲ್ಲಿ ಮೊದಲು ಒಂದು ಉಪಯೋಗವಿತ್ತು. 1492ರಲ್ಲಿ ಗ್ರನಾಡ ಕ್ರೈಸ್ತರ ವಶವಾದ ಮೇಲೂ ಸ್ಪೇನಿನ ಸಿರಿವಂತರು ಸೋತವರ ಸವಾರಿಯನ್ನು ಬಿಡಲಿಲ್ಲ. 1551ರಲ್ಲಿ ಸೆವಿಯಾದಲ್ಲಿ ಫೆರ್ನಾಂದೊ ಚಾಕೋನ್ ಬರೆದ ಹಿನೇತಾ ಸವಾರಿಯ ಕೈಪಿಡಿ ಅಚ್ಚಾಯಿತು. ಇಂದಿನ ಸ್ಪ್ಯಾನಿಷಿನಲ್ಲಿ ಅಸಿಕಾತೆ ಎಂದರೆ ಹುರಿದುಂಬಿಸುವ ಸಂಗತಿ ಎಂಬ ಅರ್ಥವೂ ಇದೆ. ಕಾಲಿಗೆ ಕಟ್ಟುವುದು ಬಿಟ್ಟರೂ ಮಾತಿನಲ್ಲಿ ತಿವಿಯುವುದು ಬಿಟ್ಟಿಲ್ಲ.

ಕಬ್ಬಿಣಕ್ಕೆ ಬೆಳ್ಳಿ ಹಿಡಿಸುವ ಬಗೆ

ಕಬ್ಬಿಣದ ಮೇಲೆ ಬೆಳ್ಳಿ ಹೇಗೆ ನಿಲ್ಲುತ್ತದೆ? ಬೀದರಿನ ಬಿದ್ರಿ ಕೆಲಸವನ್ನು ಕಂಡವರಿಗೆ ಇದನ್ನು ವಿವರಿಸುವುದು ಸುಲಭ, ಏಕೆಂದರೆ ಎರಡೂ ಕಪ್ಪಿನ ಮೇಲೆ ಬಿಳಿ. ದಾರಿ ಮಾತ್ರ ಬೇರೆ.

ಬಿದ್ರಿಯಲ್ಲಿ ಮೈ ಸತುವಿನದು, ಸ್ವಲ್ಪ ತಾಮ್ರ ಬೆರೆತದ್ದು. ಅದು ಮೆದು. ಆದ್ದರಿಂದ ಕುಶಲಕರ್ಮಿ ಚಿತ್ತಾರದ ಗೆರೆಯನ್ನೇ ಉಳಿಯಿಂದ ಕಾಲುವೆಯಂತೆ ಕೊರೆದು, ಆ ಕಾಲುವೆಯೊಳಗೆ ಬೆಳ್ಳಿ ತಂತಿಯನ್ನು ಕೂರಿಸಿ ಬಡಿಯುತ್ತಾನೆ. ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರದ ದ್ರಾವಣ ಮೈಯನ್ನು ಕಪ್ಪಾಗಿಸುತ್ತದೆ.

ಕಬ್ಬಿಣ ಹಾಗಲ್ಲ. ಅದರಲ್ಲಿ ಬಳ್ಳಿಯ ಪ್ರತಿ ತಿರುವನ್ನೂ ಕೊರೆಯುತ್ತ ಕೂತರೆ ಒಂದು ಜೋಡಿ ಮುಗಿಯುವುದು ಯಾವಾಗ? ಅದಕ್ಕೆ ಬಳಸುವ ಉಪಾಯ ಹೀಗಿದೆ:

1. ಕುಲುಮೆಯಿಂದ ಬಂದ ಮುಳ್ಳಿನ ಮೈಯನ್ನು ಅರದಿಂದ ಉಜ್ಜಿ ನಯ ಮಾಡುತ್ತಾರೆ.

2. ಚೂಪಾದ ಉಳಿ ಅಥವಾ ಚಾಕುವಿನಿಂದ ಆ ಮೈಮೇಲೆ ಒತ್ತೊತ್ತಾಗಿ ಅಡ್ಡಗೆರೆ, ಅದರ ಮೇಲೆ ಓರೆಗೆರೆ ಹಾಕುತ್ತಾರೆ. ಅಡುಗೆಮನೆಯ ತುರಿಮಣೆಯನ್ನು ಬಲು ಸಣ್ಣದಾಗಿ ಮಾಡಿದರೆ ಹೇಗೋ ಹಾಗೆ, ಮೈತುಂಬ ಕಣ್ಣಿಗೆ ಕಾಣದ ಮುಳ್ಳೇಳುತ್ತದೆ.

3. ಕೂದಲಿನಷ್ಟು ಸಣ್ಣಗೆ ಎಳೆದ ಬೆಳ್ಳಿಯ ತಂತಿಯನ್ನು ಚಿತ್ತಾರದ ದಾರಿಯಲ್ಲಿ ಹಾಸುತ್ತ, ಪುಟ್ಟ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಾರೆ. ಮೆದುವಾದ ಬೆಳ್ಳಿ ಆ ಸಣ್ಣ ಮುಳ್ಳುಗಳಿಗೆ ಸಿಕ್ಕಿಕೊಳ್ಳುತ್ತದೆ. ಬೆಸುಗೆ ಬೇಡ, ಅಂಟು ಬೇಡ. ಅಗಲವಾದ ಜಾಗಕ್ಕೆ ತಂತಿಯನ್ನು ಪಕ್ಕಪಕ್ಕಕ್ಕೆ ಒತ್ತಿ ಹಾಸಬಹುದು, ಇಲ್ಲವೇ ತೆಳು ಹಾಳೆ ಇಡಬಹುದು.

4. ನಯವಾದ ಉಪಕರಣದಿಂದ ತಿಕ್ಕಿ ಮಟ್ಟ ಮಾಡುತ್ತಾರೆ. ಬಳಿಕ ಕಾಯಿಸಿ ಕಬ್ಬಿಣಕ್ಕೆ ಕಪ್ಪು ಬರಿಸುತ್ತಾರೆ. ಆಗ ಬೆಳ್ಳಿ ಎದ್ದು ಕಾಣುತ್ತದೆ.

ರಾಜಸ್ಥಾನದ ಕತ್ತಿಹಿಡಿಗಳ ಮೇಲಿನ ಕೋಫ್ತ್‌ಗಿರಿ ಕೆಲಸವೂ ಇದೇ ಉಪಾಯವೇ. ಇದರ ಗುಣ, ಕಡಿಮೆ ಬೆಳ್ಳಿಯಲ್ಲಿ ಹೆಚ್ಚು ಚಿತ್ತಾರ. ದೋಷ, ಉಜ್ಜಾಟ ಹೆಚ್ಚಾದರೆ ಬೆಳ್ಳಿ ಏಳುತ್ತದೆ. ಕಾಲುವೆಯಲ್ಲಿ ಕೂತ ಬಿದ್ರಿಯ ಬೆಳ್ಳಿ ತಲೆಮಾರುಗಳ ಕಾಲ ಜಗ್ಗದು. ಕಬ್ಬಿಣದ ಮೇಲೆ ತಬ್ಬಿಕೊಂಡು ಕೂತ ಬೆಳ್ಳಿಗೆ ಅಷ್ಟು ಗಟ್ಟಿ ನೆಲೆಯಿಲ್ಲ.

ಮೊರಾಕ್ಕೊದಲ್ಲಿ ಈ ಕಸುಬಿಗೆ ಹೆಸರಾದ ಊರು ಮೆಕ್ನೆಸ್. 1672ರಿಂದ 1727ರವರೆಗೆ ಆಳಿದ ಸುಲ್ತಾನ ಮೌಲಾಯ್ ಇಸ್ಮಾಯಿಲ್ ಇದನ್ನು ರಾಜಧಾನಿ ಮಾಡಿಕೊಂಡ. ಅವನ ಲಾಯದಲ್ಲಿ 12,000 ಕುದುರೆಗಳಿದ್ದವೆಂದು ಜನ ಹೇಳುತ್ತಾರೆ. ಜನರ ಬಾಯಲ್ಲಿ ಲೆಕ್ಕ ಬೆಳೆದಿರಬಹುದು, ಆದರೆ ಕುದುರೆಯೇ ಪ್ರತಿಷ್ಠೆಯಾಗಿದ್ದ ಊರದು. ರಿಕಾಪು, ಮುಳ್ಳು, ಆಯುಧಗಳನ್ನು ಸಿಂಗರಿಸುವ ಕೈಗೆ ಅಂಥ ಕಡೆ ಕೆಲಸಕ್ಕೆ ಕೊರತೆಯಿಲ್ಲ. ಈಗ ಅದೇ ಊರಿನ ಅಂಗಡಿಗಳಲ್ಲಿ ಕಪ್ಪು ಹೂದಾನಿ, ತಟ್ಟೆ, ಪುಟ್ಟ ಪ್ರಾಣಿಗೊಂಬೆಗಳ ಮೇಲೆ ಬೆಳ್ಳಿಯ ಎಳೆ ಕೂರುತ್ತದೆ. ಕೊಳ್ಳುವವರು ಪ್ರವಾಸಿಗರು.

ಹಿತ್ತಾಳೆ, ಮೀನಾ, ಹವಳ

ಎಲ್ಲ ಮುಳ್ಳಿಗೂ ಬೆಳ್ಳಿಯಿಲ್ಲ. ಸಾಮಾನ್ಯ ಸವಾರನದು ಬರಿಯ ಕಬ್ಬಿಣ, ಹೆಚ್ಚೆಂದರೆ ಉಳಿಯಿಂದ ಹೊಡೆದ ನಾಲ್ಕು ಗೆರೆ. ಒಂದು ಮೆಟ್ಟಿಲು ಮೇಲಿನವನಿಗೆ ಹಿತ್ತಾಳೆಯ ಪಟ್ಟಿ. ದೂರದಿಂದ ಚಿನ್ನದಂತೆ ಮಿನುಗುತ್ತದೆ. ಇನ್ನೂ ಉಳ್ಳವನಿಗೆ ಕವೆಯ ತುಂಬ ಬೆಳ್ಳಿ, ಕೆಲವೊಮ್ಮೆ ಕೆತ್ತಿದ ಬೆಳ್ಳಿ ತಗಡಿನ ಹೊದಿಕೆ.

ಬೆಳ್ಳಿಯಲ್ಲಿ ಬಣ್ಣ ತುಂಬುವ ಮೀನಾ ಕೆಲಸಕ್ಕೆ ಮೊರಾಕ್ಕೊದ ತಿಜ್ನಿತ್, ಅಲ್ಜೀರಿಯದ ಕಬಿಲಿಯ ಬೆಟ್ಟಸೀಮೆಯ ಬೆನಿ ಯೆನ್ನಿ ಹೆಸರಾದವು. ತಂತಿಯಿಂದ ಪುಟ್ಟ ಮನೆಗಳನ್ನು ಕಟ್ಟಿ ಹಳದಿ, ಹಸಿರು, ನೀಲಿ ಗಾಜಿನ ಪುಡಿ ತುಂಬಿ ಕಾಯಿಸುತ್ತಾರೆ. ಅದರ ನಡುವೆ ಕೆಂಪು ಹವಳ. ಹವಳ ಬಂದದ್ದು ಪಕ್ಕದ ಕಡಲಿನಿಂದಲೇ. ಟ್ಯುನಿಸಿಯದ ತಬರ್ಕಾದಲ್ಲಿ ಜಿನೋವಾದವರು, ಅಲ್ಜೀರಿಯದ ಲಾ ಕಾಲ್‌ನಲ್ಲಿ ಫ್ರೆಂಚರು ಶತಮಾನಗಳ ಕಾಲ ಹವಳ ತೆಗೆಸುವ ಹಕ್ಕಿಗಾಗಿ ಹಣ ತೆತ್ತರು. ಆಲ್ಜಿಯರ್ಸ್ ಆಸ್ಥಾನದ ಉಡುಗೊರೆ ಬಂದೂಕುಗಳ ಮರದ ಹಿಡಿಗಳಲ್ಲಿ ಆ ಹವಳವನ್ನು ದಾಳಿಂಬೆಯ ಬೀಜದಂತೆ ಒತ್ತೊತ್ತಾಗಿ ಕೂರಿಸಿರುವುದನ್ನು ಇಂದೂ ನೋಡಬಹುದು. ಕುದುರೆಯ ಸಾಜಿಗೂ ಅದೇ ರುಚಿ ಹಬ್ಬಿತ್ತು.

ಚಿತ್ತಾರದಲ್ಲಿ ಎರಡು ನುಡಿಗಟ್ಟುಗಳಿವೆ. ನಗರದ ಕೆಲಸದಲ್ಲಿ ಹೆಣೆದುಕೊಂಡ ಬಳ್ಳಿ, ಎಲೆ, ಹಲವು ಮೂಲೆಯ ನಕ್ಷತ್ರ. ಫೆಸ್, ಮೆಕ್ನೆಸ್‌ಗಳ ಮಸೀದಿ, ಮದರಸಾ ಗೋಡೆಗಳ ಮೇಲಿನ ಲೋಕವೇ ಕಿರಿದಾಗಿ ಬಂದಂತೆ. ಬೆಟ್ಟದ ಅಮಾಜಿಗ್, ಅಂದರೆ ಬೆರ್ಬೆರ್, ಜನರ ಕೆಲಸದಲ್ಲಿ ತ್ರಿಕೋನ, ವಜ್ರಾಕಾರ, ಅಂಕುಡೊಂಕು ಗೆರೆ; ಅವರ ಕಂಬಳಿ, ಮಡಕೆ, ಹೆಂಗಸರ ಒಡವೆಗಳಲ್ಲಿ ಕಾಣುವವೇ. ಈ ಎರಡು ಒಂದರೊಳಗೊಂದು ಬೆರೆಯುವುದೂ ಉಂಟು. ಹಾಗಾಗಿ ಚಿತ್ತಾರವೊಂದನ್ನೇ ನೋಡಿ ಇದು ಇಂಥದೇ ಊರಿನದು ಎಂದು ಬರೆದುಬಿಡುವ ಚೀಟಿಗಳನ್ನು ತುಸು ಅನುಮಾನದಿಂದಲೇ ಓದಬೇಕು.

ಮೂರು ಕಸುಬು, ಒಂದು ಜೋಡಿ

ಒಂದು ಜೋಡಿ ಮುಳ್ಳು ಒಬ್ಬನ ಕೆಲಸವಲ್ಲ. ಕಬ್ಬಿಣ ಬಡಿಯುವವನು ಹದ್ದಾದ್, ಬೆಳ್ಳಿಯವನು ಸಯ್ಯಾಗ್, ಬಾರು ಮತ್ತು ಜೀನಿನವನು ಸರ್ರಾಜ್. ಮೊರಾಕ್ಕೊದ ಹಳೆಯ ಪೇಟೆಗಳಲ್ಲಿ ಒಂದೊಂದು ಕಸುಬಿಗೆ ಒಂದೊಂದು ಬೀದಿ. ಮರಕೇಶದಲ್ಲಿ ಕಮ್ಮಾರರ ಬೀದಿಯ ಹೆಸರೇ ಹದ್ದಾದೀನ್.

ಬೆಳ್ಳಿ ಕೆಲಸದಲ್ಲಿ ಯಹೂದಿಗಳ ಪಾಲು ದೊಡ್ಡದು. ಮೆಲ್ಲಾ ಎಂದು ಕರೆಯುವ ತಮ್ಮ ಕೇರಿಗಳಲ್ಲಿ ತಲೆಮಾರುಗಳಿಂದ ಅವರು ಅಕ್ಕಸಾಲಿಗರಾಗಿದ್ದರು. ಬೆಳ್ಳಿಯನ್ನು ಅದರ ತೂಕದ ಬೆಲೆಗಿಂತ ಹೆಚ್ಚಿಗೆ ಮಾರುವುದು ಬಡ್ಡಿಯ ಪಾಪಕ್ಕೆ ಸಮ ಎಂಬ ಅಳುಕು ಮುಸ್ಲಿಮರಲ್ಲಿತ್ತು, ಅದಕ್ಕೇ ಕಸುಬು ಯಹೂದಿಗಳ ಕೈಗೆ ಬಂತು ಎಂಬ ವಿವರಣೆಯುಂಟು. ಅಂದರೆ ಮುಸ್ಲಿಂ ಸವಾರನ ಹಿಮ್ಮಡಿಯಲ್ಲಿ ಮಿನುಗಿದ ಬೆಳ್ಳಿ ಎಷ್ಟೋ ಸಲ ಯಹೂದಿ ಕೈಯದು. 1948ರ ನಂತರದ ಎರಡು ದಶಕಗಳಲ್ಲಿ ಅವರಲ್ಲಿ ಬಹುಪಾಲು ಜನ ಇಸ್ರೇಲ್, ಫ್ರಾನ್ಸ್‌ಗಳಿಗೆ ಹೊರಟುಹೋದರು. ಪಕ್ಕದಲ್ಲಿ ಕೂತು ಕಲಿತ ಮುಸ್ಲಿಂ ಕುಶಲಕರ್ಮಿಗಳು ಕಸುಬನ್ನು ಮುಂದುವರಿಸಿದರು.

ಚರ್ಮದವನ ಪಾಲನ್ನೂ ಮರೆಯುವಂತಿಲ್ಲ. ಮುಳ್ಳು ಕಟ್ಟುತ್ತಿದ್ದುದು ಮೆದುವಾದ ಸವಾರಿ ಬೂಟಿಗೆ, ಹೆಸರು ತ್ಮಾಗ್. ಹೆಚ್ಚಾಗಿ ಮೇಕೆ ಚರ್ಮ, ಕೆಂಪು ಬಣ್ಣ. ಒಳ್ಳೆಯ ಮೇಕೆ ಚರ್ಮಕ್ಕೆ ಫಿಲಾಲಿ ಎನ್ನುತ್ತಾರೆ, ತಾಫಿಲಾಲ್ತ್ ಎಂಬ ಓಯಸಿಸ್ ಸೀಮೆಯಿಂದ ಬಂದ ಹೆಸರು. ಜೀನಿನ ಮೇಲೆ ಜರಿಯ ಕಸೂತಿ. ಆ ಜರಿಗೆ ಮೊರಾಕ್ಕೊದವರು ಸ್ಕಲ್ಲಿ ಎನ್ನುತ್ತಾರೆ, ಸಿಸಿಲಿಯದು ಎಂದರ್ಥ. ಕೆಂಪು ಚರ್ಮ, ಹೊನ್ನಿನ ಜರಿ, ಕಪ್ಪು ಕಬ್ಬಿಣದ ಮೇಲೆ ಬಿಳಿ ಬೆಳ್ಳಿ: ಈ ಬಣ್ಣಗಳ ನಡುವೆ ಇಟ್ಟು ನೋಡಿದಾಗ ಮುಳ್ಳು ಮೊದಲು ಕಂಡ ಬಾಕುವಿನಂತೆ ಕಾಣುವುದಿಲ್ಲ.

ಸಿಂಗಾರ ಎಲ್ಲಿಗೆ ನಿಲ್ಲುತ್ತದೆ

ಈಗ ಮೊದಲಿನ ಪ್ರಶ್ನೆಗೆ ಬರೋಣ. ತಿವಿಯುವ ಸಾಧನಕ್ಕೆ ಸಿಂಗಾರ ಯಾಕೆ?

ಗಿಡ್ಡ ರಿಕಾಪಿನ ಸವಾರ ಕುದುರೆಯ ಮೇಲಿದ್ದಾಗ ಅವನ ಪಾದ ನೆಲದ ಮೇಲೆ ನಿಂತವರ ಎದೆಮಟ್ಟದ ಹತ್ತಿರಕ್ಕೆ ಬರುತ್ತದೆ. ಅವನ ಮುಖವನ್ನು ಕತ್ತೆತ್ತಿ ನೋಡಬೇಕು, ಹಿಮ್ಮಡಿಯನ್ನು ನೇರ ನೋಡಬಹುದು. ಹಾಗಾಗಿ ರಿಕಾಪು ಮತ್ತು ಮುಳ್ಳು ಅವನ ಅಂತಸ್ತನ್ನು ಸಾರುವ ಫಲಕಗಳಾದವು. 1832ರಲ್ಲಿ ಫ್ರೆಂಚ್ ರಾಯಭಾರದ ಜೊತೆ ಮೆಕ್ನೆಸ್‌ಗೆ ಬಂದ ಚಿತ್ರಕಾರ ಯೂಜೀನ್ ದೆಲಾಕ್ರುವಾ, ಅವನ ನಂತರ ಅಲ್ಜೀರಿಯ ಕಂಡ ಯೂಜೀನ್ ಫ್ರೊಮಾಂತ್ಯಾ ಇಬ್ಬರೂ ಇಲ್ಲಿನ ಸವಾರರ ಪ್ರದರ್ಶನವನ್ನು ಮತ್ತೆ ಮತ್ತೆ ಬರೆದರು. ಅದು ನೋಡಿಸಿಕೊಳ್ಳಲೆಂದೇ ಇದ್ದ ಸವಾರಿ.

ಆದರೆ ಚಿತ್ತಾರ ಹರಡಿರುವ ಜಾಗವನ್ನು ಗಮನಿಸಿ. ಕವೆಯ ಹೊರಮೈಯಲ್ಲಿ ಉಂಟು, ಬೂಟಿಗೆ ತಾಗುವ ಒಳಮೈಯಲ್ಲಿ ಹುಡುಕಬೇಕಾಗಿಲ್ಲ. ಮೊನೆಯ ಬುಡದಲ್ಲಿ, ಗುಬುಟಿನ ಮೇಲೆ ದಟ್ಟ. ತುದಿಯ ಕಡೆಗೆ ಹೋದಂತೆ ವಿರಳ. ಕೊನೆಗೆ ಬರಿಯ ಕಬ್ಬಿಣ. ಇದು ಜಿಪುಣತನವಲ್ಲ. ಕೂದಲಿಗೆ, ಚರ್ಮಕ್ಕೆ, ಬೆವರಿಗೆ ದಿನವೂ ಉಜ್ಜುವ ಜಾಗದಲ್ಲಿ ತಬ್ಬಿ ಕೂತ ಬೆಳ್ಳಿ ನಿಲ್ಲದು. ಮನುಷ್ಯರು ನೋಡುವವರೆಗೆ ಬೆಳ್ಳಿ, ಕುದುರೆ ಶುರುವಾಗುವಲ್ಲಿಂದ ಕಬ್ಬಿಣ. ಇಡೀ ವಸ್ತುವಿನ ಅರ್ಥ ಆ ಎರಡರ ನಡುವಿನ ಗಡಿಯಲ್ಲಿದೆ.

ಎದುರಿಗೆ ಸಿಕ್ಕರೆ ಹೇಗೆ ನೋಡುವುದು

ಪ್ರವಾಸ ಹೋದವರಿಗೆ ಮೊರಾಕ್ಕೊದ ಹಳೆ ಸಾಮಾನಿನ ಅಂಗಡಿಯಲ್ಲಿ ಇಂಥ ಜೋಡಿ ಎದುರಾಗಬಹುದು. ಬೆಲೆ ಕೇಳುವ ಮುಂಚೆ ನಾಲ್ಕು ಕಡೆ ನೋಡಿ.

ಕಿಂಡಿಗಳು: ಬಾರು ವರ್ಷಗಟ್ಟಲೆ ಎಳೆದಾಡಿದ್ದರೆ ಕಿಂಡಿಯ ಒಂದು ಅಂಚು ನುಣುಪಾಗಿ ಸವೆದಿರುತ್ತದೆ. ನಾಲ್ಕೂ ಅಂಚು ಹರಿತವಾಗಿದ್ದರೆ ಅದು ಕಾಲಿಗೆ ಏರಿಯೇ ಇಲ್ಲ.

ಸವೆತದ ಹಂಚಿಕೆ: ನಿಜವಾಗಿ ಬಳಸಿದ ವಸ್ತುವಿನಲ್ಲಿ ಬೆಳ್ಳಿ ಎಲ್ಲ ಕಡೆ ಒಂದೇ ಸಮನೆ ಹೋಗಿರುವುದಿಲ್ಲ. ರಿಕಾಪು ತಾಗುವ, ಬಾರು ಉಜ್ಜುವ ಜಾಗದಲ್ಲಿ ಹೆಚ್ಚು ಹೋಗಿರುತ್ತದೆ. ಬೇಕೆಂದೇ ಹಳತು ಮಾಡಿದ್ದರಲ್ಲಿ ಸವೆತಕ್ಕೆ ಕಾರಣ ಕಾಣುವುದಿಲ್ಲ.

ಬೆಳ್ಳಿ ಎದ್ದ ಜಾಗ: ಭೂತಗನ್ನಡಿ ಹಿಡಿದರೆ ಒತ್ತೊತ್ತಾದ ಗೀರುಗಳು ಕಾಣಬೇಕು. ಬರೀ ನಯವಾದ ಮೈ ಕಂಡರೆ ಮೇಲಿದ್ದದ್ದು ಬಡಿದು ಕೂರಿಸಿದ ಬೆಳ್ಳಿಯಲ್ಲ, ಬರೀ ಲೇಪ.

ಜೋಡಿ: ಎರಡನ್ನೂ ಪಕ್ಕದಲ್ಲಿಟ್ಟು ಹೋಲಿಸಿ. ಕೈಕೆಲಸದಲ್ಲಿ ಅಣ್ಣತಮ್ಮಂದಿರ ಹೋಲಿಕೆಯಿರುತ್ತದೆ, ಅಚ್ಚಿನ ಸಮಾನತೆಯಲ್ಲ. ಚಿತ್ತಾರವೇ ಬೇರೆಬೇರೆಯಾದರೆ ಅಂಗಡಿಯವನು ಎರಡು ಒಂಟಿಗಳಿಗೆ ಮದುವೆ ಮಾಡಿಸಿದ್ದಾನೆ.

ಮನೆಗೆ ತಂದ ಮೇಲೆ ಒಂದು ಎಚ್ಚರಿಕೆ. ಬೆಳ್ಳಿ, ಹಿತ್ತಾಳೆ ಎಂದೊಡನೆ ನಮ್ಮ ಕೈ ಹುಣಸೆಹಣ್ಣಿಗೋ ವಿಭೂತಿಗೋ ಹೋಗುತ್ತದೆ. ಇಲ್ಲಿ ಎರಡೂ ಬೇಡ. ಹುಣಸೆಯ ಹುಳಿ ಬೆಳ್ಳಿಯ ಅಡಿಗೆ ಇಳಿದು ಕಬ್ಬಿಣವನ್ನು ತಿನ್ನುತ್ತದೆ. ವಿಭೂತಿಯ ಪುಡಿ ಅರದ ಕೆಲಸ ಮಾಡುತ್ತದೆ. ಎರಡು ಲೋಹ ಒಂದಕ್ಕೊಂದು ತಾಗಿದ್ದು ತೇವ ಸೇರಿದರೆ ಮೊದಲು ಬಲಿಯಾಗುವುದು ಕಬ್ಬಿಣ. ತುಕ್ಕು ಉಬ್ಬಿ ಬೆಳ್ಳಿಯನ್ನು ಒಳಗಿನಿಂದ ಎತ್ತಿಬಿಡುತ್ತದೆ. ಒಣ ಮೆತ್ತನೆ ಬಟ್ಟೆಯಿಂದ ದೂಳು ಒರೆಸಿ, ತೆಳುವಾಗಿ ಮೇಣ ಹಚ್ಚಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಿದ ಪೆಟ್ಟಿಗೆಯಲ್ಲಿ ಇಟ್ಟರೆ ಸಾಕು. ಬೆವರಿನ ಉಪ್ಪು ತಾಗದಂತೆ ಹತ್ತಿಯ ಕೈಗವಸು ಹಾಕಿಕೊಂಡು ಮುಟ್ಟುವುದು ಒಳ್ಳೆಯದು. ಕರಾವಳಿಯ ಮನೆಗಳಲ್ಲಿ ಮಳೆಗಾಲಕ್ಕೆ ಮುಂಚೆ ಒಮ್ಮೆ ತೆಗೆದು ನೋಡಬೇಕು.

ಇಂದಿನ ಮೈದಾನ

ನುಗ್ಗಿ ತಿರುಗುವ ಯುದ್ಧ ಮುಗಿದು ಬಹಳ ಕಾಲವಾಯಿತು. ಅದರ ನುಗ್ಗು ಮಾತ್ರ ಮೊರಾಕ್ಕೊದ ತ್ಬೂರಿದಾ ಎಂಬ ಸವಾರಿ ಪ್ರದರ್ಶನದಲ್ಲಿ ಉಳಿದಿದೆ. ಯುನೆಸ್ಕೊ 2021ರಲ್ಲಿ ಇದನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಹದಿನೈದರಿಂದ ಇಪ್ಪತ್ತೈದರೊಳಗಿನ ಬೆಸ ಸಂಖ್ಯೆಯ ಸವಾರರು ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ನಟ್ಟನಡುವೆ ಮುಖಂಡ, ಮುಖದ್ದಮ್. ಅವನ ಕೂಗಿಗೆ ಸಾಲಿಗೆ ಸಾಲೇ ಚಿಮ್ಮುತ್ತದೆ. ಕೊನೆಗೆ ಎಲ್ಲ ಬಂದೂಕುಗಳೂ ಒಂದೇ ಬಂದೂಕಿನಂತೆ ಢಮ್ಮೆನ್ನಬೇಕು. ಗುಂಡಿಲ್ಲ, ಬರೀ ಮದ್ದು. ಒಬ್ಬನದು ಕ್ಷಣ ತಡವಾದರೂ ಮೈದಾನದ ಅಂಚಿನ ಮುದುಕರು ತಲೆಯಾಡಿಸುತ್ತಾರೆ. ಈಗ ಹೆಂಗಸರದೇ ತಂಡಗಳೂ ಇವೆ. ಎಲ್ ಜದೀದಾದಲ್ಲಿ 2008ರಿಂದ ನಡೆಯುತ್ತಿರುವ ಕುದುರೆ ಮೇಳದಲ್ಲಿ ಇವರನ್ನು ನೋಡಲು ಜನ ಸೇರುತ್ತಾರೆ.

ಮೈದಾನದಲ್ಲಿ ಜೀನು, ರಿಕಾಪು, ಬೂಟುಗಳ ಆ ಹಳೆಯ ಸಂಸಾರ ಇನ್ನೂ ಒಟ್ಟಿಗಿದೆ. ಗಾಜಿನ ಪೆಟ್ಟಿಗೆಯ ಮುಳ್ಳು ಒಂಟಿ. ಅದರ ಮುಂದೆ ನಿಲ್ಲುವ ಸಂದರ್ಭ ಬಂದರೆ ಮಿನುಗುವ ಚಿತ್ತಾರದಿಂದ ಕಣ್ಣು ತೆಗೆದು, ಬೆಳ್ಳಿ ಎದ್ದುಹೋದ ಬೋಳು ಜಾಗವನ್ನು ಹುಡುಕಿ. ಅಲ್ಲಿ ಒತ್ತೊತ್ತಾದ ಗೀರುಗಳಿರುತ್ತವೆ. ಬೆಳ್ಳಿ ಮುಚ್ಚಿಬಿಡುತ್ತದೆಂದು ಗೊತ್ತಿದ್ದೂ ಕುಶಲಕರ್ಮಿ ಹಾಕಿದ ಗೀರುಗಳವು. ಯಾವನೋ ಸವಾರನ ಎಷ್ಟೋ ವರ್ಷಗಳ ಓಟ ಉಜ್ಜಿ ಉಜ್ಜಿ ಅವನ್ನು ಹೊರಗೆ ತಂದಿದೆ.